ಹೆಸರಿಲ್ಲದ ನಲವತ್ತೊಂದು ಪ್ರತಿಕ್ರಿಯೆಗಳು

ಬಾಲ್ಯದ ನೆನಪುಗಳನ್ನು ಬರೆದಿಟ್ಟ ನನ್ನ ಹಳೆಯ ಬ್ಲಾಗನ್ನು ಹೊಸ ತಂತ್ರಾಂಶಕ್ಕೆ ಸಾಗಿಸುವ ಕೆಲಸವನ್ನು ಠಾಣೆ ಬಳಿಯ ಐರೋಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಭಾನುವಾರ ಬೆಳಿಗ್ಗೆ ಶುರು ಮಾಡಿದೆವು. ಭಾನುವಾರ ಎಂದು ಬರೆದೆ. ಮಗಳು ಮನೆಯಲ್ಲಿದ್ದಳು ಎಂಬುದರಿಂದ ಊಹಿಸುತ್ತಿದ್ದೇನೆ, ಅಷ್ಟೆ.

ಹಳೆಯದರಲ್ಲಿ ಹಸಿರು ಹಿನ್ನೆಲೆ, ಪಕ್ಕದಲ್ಲಿ ತಿಂಗಳುಗಳ ಉದ್ದ ಪಟ್ಟಿ, ಮೇಲೊಂದು ದಾಸವಾಳದ ಚಿತ್ರ. "ಮಮ್ಮಿ, ಯೇ ತೋ ಶಾದಿ ಕಾ ಕಾರ್ಡ್ ಹೈ" ಎಂದಳು ಮಗಳು. ಅವಳ ಕಣ್ಣಿಗೆ ಅದು ಮದುವೆಯ ಕಾಗದ. ಕನ್ನಡ ಕೇಳಿದರೆ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಓದಲು ಬಾರದು, ಉತ್ತರವೆಲ್ಲ ಹಿಂದಿಯಲ್ಲಿ. ತನಗೆ ಓದಲಾಗದ ಬರಹಗಳಿಗೆ ಅವಳು ಬಿಳಿ ಪುಟ, ಅಗಲವಾದ ಅಂಚು, ತೆಳ್ಳನೆಯ ಅಕ್ಷರ ಆರಿಸಿದಳು. ಚೆನ್ನಾಗಿಯೇ ಕಂಡಿತು.

ಬರಹಗಳೆಲ್ಲ ಬಂದವು. ಪ್ರತಿಕ್ರಿಯೆಗಳಲ್ಲಿ ಮಾತ್ರ ನಲವತ್ತೊಂದನ್ನು ತಂತ್ರಾಂಶ ಬೇರೆ ತೆಗೆದಿಟ್ಟು, ಇಟ್ಟುಕೊಳ್ಳುವುದೋ ಅಳಿಸುವುದೋ ಎಂದು ಕೇಳಿತು. ಯಾವುದಕ್ಕೂ ಹೆಸರಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಮಗಳು ತಡವರಿಸುತ್ತ ಗಟ್ಟಿಯಾಗಿ ಓದಿದಳು: "ಎಲ್ಲ ಸುಳ್ಳು. ನಿನಗೆ ಆಗ ಎರಡು ವರ್ಷ ಮಾರಾಯ್ತಿ." ಇನ್ನೊಂದು: "ಅಮ್ಮ ಹಾಗೆ ಹೇಳಲೇ ಇಲ್ಲ."

"ಕೋಯಿ ಪಾಗಲ್ ಹೈ. ಸಬ್ ಡಿಲೀಟ್ ಕರೂಂ?" ಎಂದು ಎಲ್ಲವನ್ನೂ ಅಳಿಸಲು ಹೊರಟವಳು ಮೂರನೆಯದನ್ನು ಓದುತ್ತಿದ್ದಂತೆ, ತನ್ನ ಬಾಯಿಂದ ಬಂದ ಧಾಟಿಯನ್ನು ತಾನೇ ಕೇಳಿ ನಿಂತಳು. "ಅರೇ, ಯೇ ತೋ ದೊಡ್ಡಮ್ಮ ಹೈ!"

ಹೌದು, ನನ್ನ ಅಕ್ಕ. ಡೊಂಬಿವಲಿಯಲ್ಲಿದ್ದಾಳೆ. ಖಾತೆ ತೆರೆಯುವ ತಾಪತ್ರಯ ಬೇಡವೆಂದು ಇಷ್ಟು ವರ್ಷ ಹೆಸರು ಹಾಕದೆಯೇ ನನ್ನನ್ನು ತಿದ್ದುತ್ತ ಬಂದವಳು.

ಆ ಮೂರನೆಯದು ಇದ್ದದ್ದು ನನಗೆ ಅತಿ ಪ್ರಿಯವಾದ ಬರಹದ ಕೆಳಗೆ. ಆಗ ನಮ್ಮದು ಠಾಣೆಯ ಕೋಪರಿಯಲ್ಲಿ ಒಂದೇ ಖೋಲಿಯ, ಅಂದರೆ ಒಂದೇ ಕೋಣೆಯ ಮನೆ. ಅಪ್ಪ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಸೋಮವಾರದ ರಜೆಯಲ್ಲಿ ಅವರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ಠಾಣೆ ಸ್ಟೇಷನ್ನಿನ ಸೇತುವೆ ಹತ್ತಿ ರೈಲು ತೋರಿಸುತ್ತಿದ್ದರು ಎಂದು ಬರೆದಿದ್ದೆ. ಅಕ್ಕನ ಉತ್ತರ: "ಹೆಗಲ ಮೇಲೆ ಇದ್ದದ್ದು ನಾನು. ನೀನು ಅಮ್ಮನ ಸೊಂಟದಲ್ಲಿ ನಿದ್ದೆ."

ಅಂದು ಅದನ್ನು ಓದಿಯೂ ಬರಹವನ್ನು ತಿದ್ದಿರಲಿಲ್ಲ. ಈಗ ಒಂದು ಗುಂಡಿ ಒತ್ತಿದರೆ ಆ ಹೆಗಲು ನನ್ನದಾಗಿಯೇ ಉಳಿಯುತ್ತಿತ್ತು. ಒತ್ತಬೇಕೆಂದು ನಿಜವಾಗಿಯೂ ಅನ್ನಿಸಿತು. ಎತ್ತರದಿಂದ ಕಂಡ ರೈಲಿನ ಬೆನ್ನು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಸೇತುವೆಯ ಮೇಲೆ ನಿಂತ ಯಾರಿಗಾದರೂ ಅದು ಕಾಣುತ್ತದಲ್ಲ?

ಅಕ್ಕನಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ಅಳಿಸುವುದಾದರೆ ಅಳಿಸು. ನಿನ್ನ ಬ್ಲಾಗು" ಎಂದಳು.

"ಹೆಗಲ ಮೇಲೆ ಇದ್ದದ್ದು ನೀನೇ ಅಂತ ನಿನಗೆ ಅಷ್ಟು ಖಾತ್ರಿ ಉಂಟಾ?"

"ರೈಲಿನದ್ದು ನನಗೆ ಎಂತದೂ ನೆನಪಿಲ್ಲ. ಅಪ್ಪನ ತಲೆಯ ಎಣ್ಣೆ ನೆನಪುಂಟು. ಗಟ್ಟಿ ಹಿಡಿಯಲು ಹೋದರೆ ಕೈ ಜಾರುತ್ತಿತ್ತು. ನಿನಗೆ ಉಂಟಾ ಅದು?"

ಇರಲಿಲ್ಲ. ನನ್ನ ಬರಹದಲ್ಲಿ ರೈಲುಗಳಿದ್ದವು, ಸಿಗ್ನಲ್ ದೀಪಗಳಿದ್ದವು. ಅಪ್ಪನ ತಲೆ ಎಲ್ಲೂ ಇರಲಿಲ್ಲ.

ನಲವತ್ತೊಂದನ್ನೂ ಇಟ್ಟುಕೊಂಡೆವು. ಮಗಳು ಓದುವುದು, ನಾನು ಹೂಂ ಎನ್ನುವುದು, ಅವಳು ಗುಂಡಿ ಒತ್ತುವುದು. ಕೆಲವಕ್ಕೆ ಇಬ್ಬರೂ ನಕ್ಕೆವು. ಅವಳು ಬಿಟ್ಟಿದ್ದ ಅಗಲ ಅಂಚು ಉಪಯೋಗಕ್ಕೆ ಬಂತು: ಅಕ್ಕನ ಮಾತು ಇನ್ನು ಬರಹದ ಕೆಳಗಲ್ಲ, ಆಯಾ ಸಾಲಿನ ಪಕ್ಕದಲ್ಲೇ. ಮಧ್ಯಾಹ್ನದ ಊಟಕ್ಕೆ ಮೂರು ಗಂಟೆಯಾಯಿತು, ಯಾರೂ ಗೊಣಗಲಿಲ್ಲ.

ಮರುದಿನ ಕೆಲಸಕ್ಕೆ ಹೋಗುತ್ತ ಲೋಕಲ್ ರೈಲಿನಲ್ಲಿ ಫೋನ್ ತೆರೆದರೆ, ನನ್ನ ಒಪ್ಪಿಗೆಗೆ ಕಾದಿದ್ದ ಹೊಸ ಪ್ರತಿಕ್ರಿಯೆಯೊಂದಿತ್ತು. ಹೆಸರಿಲ್ಲ.

"ಚಂದ ಆಗಿದೆ. ಅಕ್ಷರ ಸಣ್ಣ, ಕಣ್ಣಿಗೆ ಕಾಣುವುದಿಲ್ಲ. ಮತ್ತೆ ಅಪ್ಪನ ರಜೆ ಸೋಮವಾರ ಅಲ್ಲ, ಮಂಗಳವಾರ."

ಒಪ್ಪಿಗೆ ಒತ್ತಿದೆ. ಸಂಜೆ ಮಗಳಿಗೆ ಹೇಳಿ ಅಕ್ಷರ ದೊಡ್ಡದು ಮಾಡಿಸಿದೆ.