ಬಸಿಯಲ್ಲಿ ಆರಿಸಿದ ಚಹಾ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ, ಸಾಸಿವೆ ಡಬ್ಬಿಗೂ ಜೀರಿಗೆ ಡಬ್ಬಿಗೂ ನಡುವೆ, ಹೆಸರಿನ ಚೀಟಿಯಿಲ್ಲದ ಒಂದು ಪುಟ್ಟ ತಗಡಿನ ಡಬ್ಬಿ ಮೂರು ತಿಂಗಳಿಂದ ಕೂತಿದೆ. ಮುಚ್ಚಳ ತೆಗೆದರೆ ಮೊದಲು ಮಲ್ಲಿಗೆ ಮೂಗಿಗೆ ಬರುತ್ತದೆ. ಅದರ ಬೆನ್ನಿಗೆ ಒಣ ಅಂಜೂರದ ಮಂದವಾದ ಸಿಹಿ. ಇವೆರಡರ ಕೆಳಗೆ, ಸ್ವಲ್ಪ ಹೊತ್ತು ಕಾದರೆ ಮಾತ್ರ ಗೊತ್ತಾಗುವಂತೆ, ಬಿಸಿಲಿಗೆ ಬಾಡಿದ ಹುಲ್ಲಿನ ವಾಸನೆಯ ಹಸಿರು ಚಹಾ. ಹರಪನಹಳ್ಳಿಯಲ್ಲಿ ಚಹಾ ಎಂದರೆ ಹಾಲು, ಸಕ್ಕರೆ, ಪುಡಿ ಮೂರನ್ನೂ ಒಂದೇ ಪಾತ್ರೆಯಲ್ಲಿ ಉಕ್ಕಿಸಿ ಇಳಿಸುವುದು ಎಂದು ನಂಬಿ ಐವತ್ತು ದಾಟಿದವನು ನಾನು. ಮೊದಲ ಸಲ ಇದನ್ನೂ ಹಾಗೆಯೇ ಉಕ್ಕಿಸಿದೆ. ಹಾಲು ಒಡೆಯಲಿಲ್ಲ, ಆದರೆ ಬಾಯಿ ಒಡೆಯುವಷ್ಟು ಕಹಿಯಾಯಿತು. ನನ್ನ ಹೆಂಡತಿ ಒಂದು ಗುಟುಕು ಕುಡಿದು, ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದಳು.

ಡಬ್ಬಿ ಕೊಟ್ಟವನು ಕೊಟ್ಟೂರಿನ ಕೊಟ್ರೇಶ, ನನ್ನ ಕಾಲೇಜು ದಿನಗಳ ಗೆಳೆಯ, ಕಿರಾಣಿ ಅಂಗಡಿಯವನು. ಅವನಿಗೆ ಈಚೆಗೆ ಸ್ವಂತದ ಚಹಾ ಮಾಡಿ ಮಾರುವ ಹುಚ್ಚು ಹಿಡಿದಿದೆ. ನೀಲಗಿರಿಯಿಂದ ಹಸಿರು ಚಹಾದ ಎಲೆ ತರಿಸುತ್ತಾನೆ. ಹಡಗಲಿಯ ತೋಟಗಳಿಂದ ಬೆಳಿಗ್ಗೆ ಹರಿದ, ಇನ್ನೂ ಬಿರಿಯದ ಮಲ್ಲಿಗೆ ಮೊಗ್ಗು ತರುತ್ತಾನೆ. ಒಂದು ಪದರ ಎಲೆ, ಒಂದು ಪದರ ಮೊಗ್ಗು, ಹೀಗೆ ಪೇರಿಸಿ ಸಂಜೆ ಮುಚ್ಚಿಟ್ಟರೆ ಮೊಗ್ಗುಗಳು ಕತ್ತಲಲ್ಲಿ ತಮ್ಮಷ್ಟಕ್ಕೆ ಬಿರಿದು ಎಲೆಗೆ ವಾಸನೆಯನ್ನು ಒಪ್ಪಿಸುತ್ತವೆ. ಬೆಳಿಗ್ಗೆ ಸೋತ ಹೂಗಳನ್ನು ಆರಿಸಿ ತೆಗೆದು ಮತ್ತೆ ಹೊಸ ಮೊಗ್ಗು. ಮೂರು ಸಲ ಹೀಗೆ ಮಾಡಿ, ಕೊನೆಗೆ ಅಂಜೂರವನ್ನು ಒಣಗಿಸಿ ಸಣ್ಣಗೆ ಹೆಚ್ಚಿ ಬೆರೆಸುತ್ತಾನೆ. ಕುದಿಸಬಾರದು ಎಂದು ಕಲಿಸಿಕೊಟ್ಟವನೂ ಅವನೇ. ಪಾತ್ರೆಯ ತಳದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಏಳುವಾಗಲೇ ಒಲೆ ಆರಿಸಬೇಕು. ಎಲೆ ಹಾಕಿ ಮುಚ್ಚಬೇಕು. ಮೂರು ನಿಮಿಷಕ್ಕೆ ಸೋಸಬೇಕು.

ಹಾಗೆ ಮಾಡಿದ ದಿನ, ತಿಳಿ ಹೊಂಬಣ್ಣದ ಆ ನೀರಿನ ಮೊದಲ ಗುಟುಕಿಗೇ ನನಗೆ ಅವ್ವ ನೆನಪಾದಳು.

ಇಲ್ಲಿ ನಿಮಗೆ ಒಂದು ವಿಷಯ ಹೇಳಬೇಕು. ನಾವು ಆಗ ಹಡಗಲಿಯಲ್ಲಿದ್ದೆವು. ನಮ್ಮ ಅವ್ವ ನನಗೆ ಆರು ತುಂಬುವ ಮೊದಲೇ ತೀರಿಕೊಂಡಳು. ಅವಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಬೇರೆಯವರು ಹೇಳಿದ್ದು. ನನ್ನದೇ ಎನ್ನಬಹುದಾದ ನೆನಪು ಒಂದೇ ಒಂದು. ಅವ್ವ ಚಹಾಪುಡಿಯ ಡಬ್ಬಿಯಲ್ಲಿ ಮಲ್ಲಿಗೆ ಮೊಗ್ಗು ಹಾಕಿಡುತ್ತಿದ್ದಳು, ನಮ್ಮ ಮನೆಯ ಚಹಾ ಮಲ್ಲಿಗೆ ಘಮಿಸುತ್ತಿತ್ತು. ಇದನ್ನು ನಾನು ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿದ್ದೇನೆ, ನಾನು ಪಾಠ ಹೇಳುವ ತರಗತಿಯಲ್ಲಿ ಹುಡುಗರಿಗೆ ಹೇಳಿದ್ದೇನೆ, ಮದುವೆ ಮನೆಗಳಲ್ಲಿ ಅಪರಿಚಿತರಿಗೂ ಹೇಳಿದ್ದೇನೆ. ಆ ದಿನ ಕೊಟ್ರೇಶನಿಗೂ ಫೋನ್ ಮಾಡಿ ಹೇಳಿದೆ. ಅವನು, "ಲೇ, ಮಂದಿ ಬರೇ ಚಾ ಕುಡಿಯಂಗಿಲ್ಲಪಾ, ಕತಿ ಕುಡೀತಾರ. ಇದನ್ನ ಪ್ಯಾಕೆಟ್ ಮ್ಯಾಲೆ ಹಾಕ್ತೀನಿ. ಹಡಗಲಿ ತಾಯಿಯ ಮಲ್ಲಿಗಿ ಡಬ್ಬಿ. ಮುಂದಿನ ಸೋಮವಾರ ಅಚ್ಚಿಗೆ ಕೊಡ್ತೀನಿ, ಅಷ್ಟರಾಗ ನಾಕು ಸಾಲು ಬರದು ಕೊಡು" ಅಂದ.

ಪೆನ್ನು ಹಿಡಿದು ಕೂತಾಗ ಕೈ ಓಡಲಿಲ್ಲ. ವಿಶ್ವವಿದ್ಯಾಲಯ ನನಗೆ ಕಲಿಸಿದ ಒಂದೇ ವಿದ್ಯೆಯೆಂದರೆ ಯಾರು ಏನು ಹೇಳಿದರೂ "ಸಾಕ್ಷಿ ಏನು" ಎಂದು ಕೇಳುವುದು. ಮೂವತ್ತು ವರ್ಷ ಊರವರನ್ನೆಲ್ಲ ಕೇಳಿದ್ದೇನೆ, ನನ್ನನ್ನು ಮಾತ್ರ ಬಿಟ್ಟು. ಆದರೆ ನನ್ನ ನೆನಪಿನ ಯೋಗ್ಯತೆ ನನಗೆ ಗೊತ್ತು. ನಮ್ಮ ಪ್ರಾಥಮಿಕ ಶಾಲೆಯ ಅಂಗಳದಲ್ಲಿದ್ದ ಬೇವಿನ ಮರದ ಬಗ್ಗೆ ಒಮ್ಮೆ ನೆರಳು, ಹೂ, ಕಹಿ ಗಾಳಿ ಎಲ್ಲ ಸೇರಿಸಿ ಕಾಲು ಗಂಟೆ ಭಾಷಣ ಮಾಡಿದ್ದೆ. ಆಮೇಲೆ ಯಾರೋ ತೋರಿಸಿದ ಹಳೆಯ ಫೋಟೋದಲ್ಲಿ ಅಲ್ಲಿ ಹುಣಸೆ ಮರ ನಿಂತಿತ್ತು. ಬೇವು ಸುಳ್ಳಾದರೆ ನಷ್ಟವಿಲ್ಲ. ಆದರೆ ಈ ಡಬ್ಬಿಯೂ ಸುಳ್ಳಾದರೆ, ಅವ್ವನದೆಂದು ನನ್ನ ಬಳಿ ಏನೂ ಉಳಿಯುವುದಿಲ್ಲ. ಸುಳ್ಳೋ ನಿಜವೋ ಎಂದು ನೋಡದೆ ಅಚ್ಚು ಹಾಕಿಸಿದರೆ, ಅಂಗಡಿ ಅಂಗಡಿಯ ಕಪಾಟಿನಲ್ಲಿ ಅವಳು ನಾನು ಕಟ್ಟಿದ ಗೊಂಬೆಯಾಗಿ ಕೂರುತ್ತಾಳೆ.

ಕೇಳಲು ಉಳಿದವಳು ಒಬ್ಬಳೇ. ನನಗಿಂತ ಐದು ವರ್ಷ ದೊಡ್ಡವಳಾದ ನನ್ನ ಒಡಹುಟ್ಟು ಗಂಗಕ್ಕ. ಹೊಳೆಯ ದಂಡೆಯ ಮಾಗಳದಲ್ಲಿದ್ದಾಳೆ. ಭಾನುವಾರ ಬೆಳಿಗ್ಗೆ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಅಕ್ಕ ಕಟ್ಟೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಮೊಗ್ಗು ಹರವಿಕೊಂಡು ಮಾಲೆ ಕಟ್ಟುತ್ತಿದ್ದಳು. ನಾನೇ ಚಹಾ ಮಾಡುತ್ತೇನೆಂದು ಅಡುಗೆಮನೆಗೆ ಹೋದಾಗ ಬಾಗಿಲಲ್ಲಿ ಬಂದು ನಿಂತಳು. ಸಾಸಿವೆ ಗುಳ್ಳೆ ಕಂಡ ಕೂಡಲೇ ಒಲೆ ಆರಿಸಿದ್ದನ್ನು ನೋಡಿ, "ನೀರು ಕುದಿಯಾಕ ಬಿಡವಲ್ಲಿ, ಗ್ಯಾಸ್ ಉಳಿಸಾಕತ್ತೀಯೇನೋ" ಅಂದಳು. ಒಂದು ಗುಟುಕು ಕುಡಿದು ಮುಖ ಓರೆ ಮಾಡಿದಳು. "ಹೂವಿನ ಬುಟ್ಟಿ ತೊಳದ ನೀರು ಇದ್ದಂಗ ಐತಲ್ಲೋ ತಮ್ಮಾ." ಇನ್ನೊಂದು ಗುಟುಕಿಗೆ ತಡೆದಳು. "ಕೆಟ್ಟೇನಿಲ್ಲ ಬಿಡು. ನುಂಗಿದ ಮ್ಯಾಲೆ ನಾಲಿಗಿ ತುದಿಗೆ ಅಂಜೂರಿ ಬರ್ತೈತಿ." ಅಷ್ಟು ದಿನ ಕುಡಿದರೂ ನನಗೆ ದಕ್ಕದ ಸೂಕ್ಷ್ಮ ಅದು.

ಮತ್ತೆ ಕಟ್ಟೆಗೆ ಬಂದು ಕೂತ ಮೇಲೆ ಕೇಳಿಯೇಬಿಟ್ಟೆ. ಅಕ್ಕ ದಾರದ ಗಂಟು ಬಿಗಿದು, ತಲೆಯೆತ್ತದೆ ಹೇಳಿದಳು.

"ಚಾಪುಡಿ ಡಬ್ಬ್ಯಾಗ ಹೂವಾ? ಹಂಗ ಹಾಕಿದ್ರ ಅವ್ವ ನಮ್ಮ ಕೈ ಮುರೀತಿದ್ಲು. ಅವ್ವ ಹರೀತಿದ್ದದ್ದು ಮಂದಿ ತೋಟದ ಹೂ. ಬುಟ್ಟಿ ತೂಕ ಮಾಡಿಸಿ ಅಲ್ಲೇ ಬಿಟ್ಟು ಬರಬೇಕು. ನಮ್ಮ ಮನಿಗೆ ಒಂದು ಮೊಗ್ಗು ಬಂದಿದ್ದು ನನಗಂತೂ ನೆನಪಿಲ್ಲ."

ನನ್ನ ಮುಖ ನೋಡಿದಳೋ ಏನೋ, ಮುಂದುವರಿಸಿದಳು. "ಚಾ ಮಾಡಾಕಿ ಅವ್ವ ಅಲ್ಲ, ನಾನು. ಆಕಿ ನಸುಕಿನ್ಯಾಗ ಹೂ ಹರಿಯಾಕ ಹೋಗಿ ಹೊತ್ತೇರಿದ ಮ್ಯಾಲೆ ಬರಾಕಿ, ನಾನು ಕುದಿಸಿ ಇಟ್ಟಿರ್ತಿದ್ದೆ. ನೀನು ನಾನು ಕೊಟ್ರ ಕುಡೀತಿರಲಿಲ್ಲ ಬಾಡ್ಯಾ, ಆಕಿ ಬರೋತನಕ ಹಟ ಮಾಡ್ತಿದ್ದಿ. ಆಕಿ ಬಂದು ಕೈ ಸೈತ ತೊಳೀದ, ಬಸ್ಯಾಗ ಸುರುವಿ ಆರಿಸಿ ನಿನ್ನ ಬಾಯಿಗೆ ಹಿಡಿಯಾಕಿ. ಕೈ ತೊಳಿಯಬೇ ಅಂತ ನಾನು ಬೈತಿದ್ದೆ."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲಕ್ಕಾ? ನಿನ್ನ ಮುಂದನ ಎಷ್ಟು ಸಲ ಹೇಳೀನಿ."

"ನೀನು ಅಷ್ಟು ಚಂದಾಗಿ ಹೇಳಾಕತ್ತಿದ್ದಿ. ಯಾಕ ಕೆಡಿಸಬೇಕು?"

ನನ್ನೊಳಗಿನ ಸಂಶಯಗಾರ ಆಗಲೂ ಸುಮ್ಮನಿರಲಿಲ್ಲ. ಅಕ್ಕನದೂ ನೆನಪೇ ಅಲ್ಲವೇ, ಅದಕ್ಕೇನು ಸಾಕ್ಷಿ ಎಂದು ಯೋಚಿಸುತ್ತ ಕೂತೆ. ಜೊತೆಗೆ ನಾಚಿಕೆಯೂ ಆಯಿತು. ಊರೂರಲ್ಲಿ ಹೇಳಿಕೊಂಡು ತಿರುಗಿದ ನನ್ನ ಚಹಾದ ಕತೆಯಲ್ಲಿ ಚಹಾ ಕುದಿಸಿದ ಹುಡುಗಿಗೇ ಜಾಗವಿರಲಿಲ್ಲ. ನನ್ನ ಕಪ್ಪು ಮುಟ್ಟದೆ ಹಾಗೆಯೇ ಇತ್ತು. ಅಕ್ಕ ಅದನ್ನೆತ್ತಿ ಕೆಳಗಿನ ಬಸಿಗೆ ಸುರಿದಳು, ಎರಡು ಸಲ ಊದಿದಳು, "ಹಿಡಿ, ಆರಿ ಹೋಗ್ತೈತಿ" ಎಂದು, ನಾನು ಕೈ ನೀಡುವ ಮೊದಲೇ ತುಟಿಗೆ ತಂದಳು. ಬೆಳಿಗ್ಗೆಯಿಂದ ಮೊಗ್ಗು ಕಟ್ಟಿದ ಬೆರಳುಗಳು. ಬಸಿಯ ಚಹಾಕ್ಕಿಂತ ಮೊದಲು ಆ ಬೆರಳಿನ ವಾಸನೆ ಬಂತು. ತೋಟದ ಹಸಿ, ದಾರದ ಒದ್ದೆ, ಮಲ್ಲಿಗೆ. ಕೊಟ್ರೇಶ ಮೂರು ಸಲ ಪದರ ಪೇರಿಸಿ ತರುವ ಪರಿಮಳಕ್ಕಿಂತ ಒರಟು, ಅದಕ್ಕಿಂತ ಹಳೆಯದು. ನಾನು ಹುಡುಕುತ್ತಿದ್ದದ್ದು ಇದೇ ಎಂದು ಮೂಗಿಗೆ ಗೊತ್ತಾಯಿತು. ಮೂಗಿನ ಮಾತನ್ನು ಯಾವ ನ್ಯಾಯಾಲಯವೂ ಒಪ್ಪುವುದಿಲ್ಲ. ನಾನು ಒಪ್ಪಿದೆ.

ವಾಸನೆ ನಿಜ, ಡಬ್ಬಿ ಸುಳ್ಳು. ಅವ್ವ ಡಬ್ಬಿಯಲ್ಲಿಟ್ಟಿದ್ದಳೆಂದು ನಾನು ತಿಳಿದ ಹೂವನ್ನು ಅವಳು ಮನೆಗೆ ತರುವ ಹಾಗೇ ಇರಲಿಲ್ಲ. ತಂದದ್ದು ಬೆರಳಿಗೆ ಅಂಟಿದಷ್ಟನ್ನು, ತೂಕಕ್ಕೆ ಸಿಗದಷ್ಟನ್ನು. ಆರು ತುಂಬದ ಮಗು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಡಬ್ಬಿ ಮಾಡಿಕೊಂಡಿತು, ಅಷ್ಟೆ.

ಸೋಮವಾರ ಕೊಟ್ರೇಶನಿಗೆ ಕತೆ ಹಾಕಬೇಡ ಎಂದೆ. "ಹಂಗಾರ ಏನು ಹಾಕಲಿ, ನಿನ್ನ ತಲಿ?" ಅಂದ. ಚಹಾ ಮಾಡುವ ವಿಧಾನ ಹಾಕು ಎಂದು ನಾಲ್ಕು ಸಾಲು ಬರೆದು ಕಳಿಸಿದೆ. ನೀರು ಕುದಿಯುವ ಮೊದಲೇ ಇಳಿಸಿ. ಎಲೆ ಹಾಕಿ ಮುಚ್ಚಿಡಿ. ಮೂರು ನಿಮಿಷಕ್ಕೆ ಸೋಸಿ. ಬಸಿಯಲ್ಲಿ ಆರಿಸಿ, ಪಕ್ಕದಲ್ಲಿರುವವರಿಗೆ ಮೊದಲು ಕೊಡಿ. ಕೊನೆಯ ಸಾಲನ್ನು ಅವನು ಜಾಗ ಸಾಲದೆಂದು ತೆಗೆದುಹಾಕಿದ.

ಡಬ್ಬಿ ಈಗಲೂ ಸಾಸಿವೆ ಜೀರಿಗೆಗಳ ನಡುವೆಯೇ ಇದೆ. ಮುಚ್ಚಳ ತೆಗೆದರೆ ಅದೇ ಮಲ್ಲಿಗೆ, ಅದೇ ಅಂಜೂರ. ಅವ್ವನನ್ನು ಮಾತ್ರ ಅದರೊಳಗೆ ಹುಡುಕುವುದನ್ನು ಬಿಟ್ಟಿದ್ದೇನೆ. ತಿಂಗಳಿಗೊಮ್ಮೆ ಒಂದು ಹಿಡಿ ಎಲೆ ಪೊಟ್ಟಣ ಕಟ್ಟಿಕೊಂಡು ಮಾಗಳದ ಬಸ್ಸು ಹತ್ತುತ್ತೇನೆ. ಅಕ್ಕ ಈಗ ನೀರನ್ನು ಕುದಿಯುವ ಮೊದಲೇ ಇಳಿಸುತ್ತಾಳೆ. ಅವಳು ಕೊಟ್ಟ ಚಹಾವನ್ನು ನಾನು ಹಟ ಮಾಡದೆ ಕುಡಿಯುತ್ತೇನೆ.