ಸುಟ್ಟ ಕಾಯಿಲಿನ ಚೀಟಿ

ಅಕ್ಕನ ಬಲಗೈ ತೋರುಬೆರಳಿನ ಒಳಬದಿಯಲ್ಲಿ ಒಂದು ಗೆರೆ ಇತ್ತು. ಗಾಯದ ಗುರುತಲ್ಲ. ವರ್ಷಗಟ್ಟಲೆ ತಾಮ್ರದ ತಂತಿ ಅದೇ ಜಾಗದಲ್ಲಿ ಜಾರಿ ಜಾರಿ ಚರ್ಮ ಹಳ್ಳವಾಗಿ ಗಟ್ಟಿಯಾಗಿತ್ತು. ಉಗುರಿನ ಅಂಚಿಗೆ ವಾರ್ನಿಷ್ ಹತ್ತಿ ಸದಾ ಕಂದು ಬಣ್ಣ. ಟೀ ಲೋಟ ಹಿಡಿದಾಗ ಆ ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ಎದುರು ಕೂತವರ ಕಡೆ ನೆಟ್ಟಗೆ ನಿಂತಿರುತ್ತಿತ್ತು. ಮೊದಲ ಸಲ ನೋಡಿದಾಗ ಇವರು ನನಗೆ ಏನೋ ಎಚ್ಚರಿಕೆ ಕೊಡುತ್ತಿದ್ದಾರೆ ಅಂದುಕೊಂಡಿದ್ದೆ.

ಊರವರೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದ ಅವರದು ಆನವಟ್ಟಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟಾರು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೊಡುವ ಕೆಲಸ. ಶುರು ಮಾಡಿದ್ದು ಅವರ ಗಂಡ. ಗಂಡನ ಕಣ್ಣು ಮಂಜಾದ ಮೇಲೆ ಅವರು ಕುರ್ಚಿಯಲ್ಲಿ ಕೂತು ಬಾಯಲ್ಲಿ ಹೇಳುವುದು, ಅಕ್ಕ ಕೈಯಲ್ಲಿ ಮಾಡುವುದು. ಅವರು ತೀರಿಕೊಂಡ ಮೇಲೂ ಕುರ್ಚಿ ಅಲ್ಲೇ ಉಳಿಯಿತು. ಬಂದವರು ಅದರಲ್ಲಿ ಕೂತು ಕಾಯಬೇಕು. ಅಕ್ಕ ಸುತ್ತು ಎಣಿಸುವಾಗ ತಹಸೀಲ್ದಾರರೇ ಬಂದರೂ ತಲೆ ಎತ್ತುತ್ತಿರಲಿಲ್ಲ, ಆ ಬೆರಳು ಮಾತ್ರ ಎತ್ತುತ್ತಿದ್ದರು. ಎಣಿಕೆ ಮುಗಿದ ಮೇಲೆಯೇ, "ಹಾಂ, ಈಗ ಹೇಳ್ರಿ."

ಅವರ ಹಿಂದಿನ ಗೋಡೆಯ ಮೇಲೆ ಸಾಲು ಮೊಳೆ. ಪ್ರತಿಯೊಂದು ಸುಟ್ಟ ಮೋಟಾರಿನಿಂದ ಒಂದು ಕಾಯಿಲ್, ಅಂದರೆ ತಂತಿಯ ಸುರುಳಿ, ಎತ್ತಿಟ್ಟು ಅದಕ್ಕೊಂದು ರಟ್ಟಿನ ಚೀಟಿ ಕಟ್ಟಿ ಅಲ್ಲಿ ನೇತುಹಾಕುತ್ತಿದ್ದರು. ಚೀಟಿಯಲ್ಲಿ ಊರಿನ ಹೆಸರು, ಸುಟ್ಟ ಕಾರಣ. ‘ಬಂದಳಿಕೆ, ನೀರು ಹೊಕ್ಕಿದೆ.’ ‘ಉಳವಿ, ಬೇರಿಂಗ್ ಹಿಡಿದಿದೆ.’ ತಾವು ಸುತ್ತಿಕೊಟ್ಟ ಮೋಟಾರು ಒಂದು ಬೇಸಿಗೆ ದಾಟಿತು ಅಂತ ತಿಳಿದ ಮೇಲೆ ಆ ಕಾಯಿಲ್ ಗುಜರಿಗೆ ಹೋಗುತ್ತಿತ್ತು. ಅದಕ್ಕಿಂತ ಮೊದಲೇ ಅದೇ ಮೋಟಾರು ವಾಪಸು ಬಂದರೆ ಹಳೆಯ ಕಾಯಿಲ್ ಇಳಿಸಿ ಹೊಸದರ ಪಕ್ಕ ಇಟ್ಟು ನೋಡುವುದು. "ಎರಡೂ ಒಂದೇ ಥರ ಸುಟ್ಟಿದ್ರೆ ತಪ್ಪು ನಂದು" ಅನ್ನುತ್ತಿದ್ದರು.

ನಾನು ಶಿಕಾರಿಪುರದವನು. ಶಿವಮೊಗ್ಗದ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷ ಇನ್ವರ್ಟರ್ ಒಳಗಿನ ಬೋರ್ಡುಗಳನ್ನು ಡಿಸೈನ್ ಮಾಡುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ನಾನು ಹಗಲು ರಾತ್ರಿ ಕೂತು ಮಾಡಿದ ಬೋರ್ಡಿನ ನಕ್ಷೆಯ ಮೇಲೆ ಬೇರೊಬ್ಬರ ಹೆಸರು ಅಚ್ಚಾಗಿದ್ದನ್ನು ನೋಡಿ, ಅದೇ ವಾರ ರಾಜೀನಾಮೆ ಕೊಟ್ಟು ಬಂದೆ. ಮ್ಯಾನೇಜರು ಒಳ್ಳೆಯ ಮನುಷ್ಯ. "ಆರು ತಿಂಗಳು ನಿನ್ನ ಜಾಗಕ್ಕೆ ಯಾರನ್ನೂ ತಗೊಳಲ್ಲ. ಬುದ್ಧಿ ಬಂದ ಮೇಲೆ ಫೋನ್ ಮಾಡು" ಅಂದರು. ನನಗೆ ಬುದ್ಧಿ ಬಂದೇ ಆಗಿದೆ ಅಂತ ನಾನು ತಿಳಿದಿದ್ದೆ.

ಶಿಕಾರಿಪುರದಲ್ಲಿ ಟೈಲರ್ ಅಂಗಡಿಯ ಮೇಲಿನ ಕೋಣೆ ಹಿಡಿದು ಒಂದು ಡಬ್ಬಿ ತಯಾರಿಸಿದೆ. ನಮ್ಮ ಕಡೆ ರೈತರು ಪಂಪಿನ ಸ್ಟಾರ್ಟರನ್ನು ಆಟೋಗೆ ಹಾಕಿ ಬಿಟ್ಟಿರುತ್ತಾರೆ. ಕರೆಂಟು ಬಂದಾಗ ಪಂಪು ತಾನೇ ಓಡುತ್ತದೆ, ನೋಡುವವರು ಹತ್ತಿರ ಇರುವುದಿಲ್ಲ. ಮೂರು ತಂತಿಯಲ್ಲಿ ಬರಬೇಕಾದ ಕರೆಂಟು ನಡುವೆ ಒಂದರಲ್ಲಿ ನಿಂತರೆ ಮೋಟಾರು ಉಳಿದೆರಡರಲ್ಲೇ ನರಳುತ್ತಾ ಓಡಿ ಸುಟ್ಟುಹೋಗುತ್ತದೆ. ಒಂದು ತಂತಿ ಸತ್ತ ಕೂಡಲೇ ಪಂಪು ನಿಲ್ಲಿಸುವುದು ನನ್ನ ಡಬ್ಬಿಯ ಕೆಲಸ. ಪರಿಚಯದ ಅಕ್ಕಿ ಗಿರಣಿಯ ಲೈನಿಗೆ ಮೂರು ಬಲ್ಬು ಕಟ್ಟಿ, ನೂರು ಸಲ ಒಂದೊಂದೇ ಫ್ಯೂಸ್ ಕಿತ್ತು ನೋಡಿದೆ. ನೂರು ಸಲವೂ ಸರಿಯಾಗಿತ್ತು.

ಪಂಪು ಮಾರುವ ಅಂಗಡಿಯವರು ಯಾರೂ ಅದನ್ನು ಮುಟ್ಟಲಿಲ್ಲ. ಕೊನೆಗೆ ಅಕ್ಕನ ಕುರ್ಚಿಯಲ್ಲಿ ಹೋಗಿ ಕೂತೆ. ಬೆರಳು ಇಳಿಯುವ ತನಕ ಕಾದು, ಕಂಪನಿಯಲ್ಲಿ ಕಲಿತ ಭಾಷಣವನ್ನೆಲ್ಲ ಒಪ್ಪಿಸಿದೆ.

"ಮುಚ್ಚಳ ತೆಗಿ ತಮ್ಮಾ" ಅಂದರು. "ಬಿಚ್ಚಿ ನೋಡು, ಆಮೇಲೆ ಮಾತಾಡು. ಇಲ್ಲಿ ಅದೇ ಪದ್ಧತಿ."

ಬೋರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, "ಬೆಸುಗೆ ಚೊಕ್ಕ ಐತೆ" ಅಂದರು. ಒಳಗಿರುವುದು ಅವರಿಗೆ ಅರ್ಥವಾಗಲಿಲ್ಲ, ಅದನ್ನೂ ಮುಚ್ಚಿಡಲಿಲ್ಲ. ಆದರೂ ಐದು ಡಬ್ಬಿ ತೆಗೆದುಕೊಂಡು ತಮ್ಮ ಮಾತಿನ ಮೇಲೆ ಐದು ಮಂದಿ ರೈತರಿಗೆ ಹಾಕಿಸಿದರು.

ಎರಡು ತಿಂಗಳಾಗಿರಬೇಕು, ಅಕ್ಕನ ಫೋನ್ ಬಂತು. "ಉಳವಿಯವರ ಮೋಟಾರು ಸುಟ್ಟು ಬಂದೈತೆ. ನಿನ್ನ ಡಬ್ಬಿ ಇದ್ದದ್ದು. ಬಾ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ನೆಪ ಜೋಡಿಸಿದೆ. ವೈರಿಂಗ್ ತಪ್ಪಿರಬಹುದು, ವೋಲ್ಟೇಜ್ ಏರಿರಬಹುದು, ರೈತ ಡಬ್ಬಿಯನ್ನೇ ಕಳಚಿಟ್ಟಿರಬಹುದು. ಯಾವುದೂ ನಡೆಯದಿದ್ದರೆ ಸಂಜೆ ಮ್ಯಾನೇಜರಿಗೆ ಫೋನ್ ಮಾಡುವುದೆಂದೂ ತೀರ್ಮಾನಿಸಿಬಿಟ್ಟಿದ್ದೆ. ಆರು ತಿಂಗಳಲ್ಲಿ ಇನ್ನು ಹನ್ನೆರಡು ದಿನ ಬಾಕಿ ಇತ್ತು.

ಕುರ್ಚಿಯಲ್ಲಿ ಉಳವಿಯ ಯಜಮಾನರು ಕೂತಿದ್ದರು. ಹೆಗಲ ಮೇಲೆ ಟವೆಲ್, ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಗಾಬರಿ. ಹಳ್ಳದ ಪಕ್ಕದ ಗದ್ದೆಯಲ್ಲಿ ಶುಂಠಿ ಹಾಕಿದ್ದರು, ಎರಡು ದಿನದಿಂದ ನೀರಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕನ ಬೆರಳು ಮೇಲೆದ್ದಿತು. ನಾನು ಬರಲಿ ಅಂತಲೇ ಮೋಟಾರು ಬಿಚ್ಚದೆ ಇಟ್ಟಿದ್ದರು. ಈಗ ನಮ್ಮಿಬ್ಬರ ಕಣ್ಣೆದುರೇ ಬಿಚ್ಚಿದರು.

"ನೋಡು. ಮೂರು ತಂಡ ಕಾಯಿಲ್ ಅವೆ. ಎರಡು ಕರಕಲು, ಒಂದು ಹೊಸದರಂಗೆ ಕೆಂಪಗೆ ಐತೆ. ಇದೇನು?"

ಒಂದು ತಂತಿ ಸತ್ತ ಮೇಲೂ ಮೋಟಾರು ಓಡಿದ್ದಕ್ಕೆ ಅದೇ ಸಾಕ್ಷಿ. ನನ್ನ ಡಬ್ಬಿ ಯಾವುದನ್ನು ತಡೆಯಬೇಕಿತ್ತೋ ಅದೇ ಆಗಿತ್ತು.

"ಗಿರಣಿಯಲ್ಲಿ ನೂರು ಸಲ ನೋಡಿದ್ದೆ ಅಕ್ಕಾ" ಅಂದೆ.

"ಮೋಟಾರು ಓಡಿಸಿ ನೋಡಿದ್ದೇನು?"

"ಇಲ್ಲ. ಬಲ್ಬು ಕಟ್ಟಿ."

ಅಕ್ಕ ಮೂಲೆಯಲ್ಲಿದ್ದ ಒಂದು ಹಳೆಯ ಮೋಟಾರು ಚಾಲು ಮಾಡಿದರು. ಓಡುತ್ತಿರುವಾಗಲೇ ಒಂದು ಫ್ಯೂಸ್ ಕಿತ್ತು, ಮೋಟಾರಿನ ಕಡೆಯ ಆ ಸತ್ತ ತಂತಿಗೆ ತಮ್ಮ ಪರೀಕ್ಷೆಯ ಬಲ್ಬು ಹಿಡಿದರು. ಬಲ್ಬು ಉರಿಯಿತು. ಓಡುವ ಮೋಟಾರು ತಾನೇ ಆ ತಂತಿಗೆ ಒಳಗಿನಿಂದ ಕರೆಂಟು ತುಂಬುತ್ತಿತ್ತು. ಅದನ್ನು ನೋಡಿ ನನ್ನ ಡಬ್ಬಿ ಎಲ್ಲ ಸರಿಯಿದೆ ಅಂತ ಸುಮ್ಮನೆ ಕೂತಿತ್ತು. ಇಂಜಿನಿಯರಿಂಗ್ ಪುಸ್ತಕದಲ್ಲಿ ಇದನ್ನು ಓದಿ ಅಂಕ ತೆಗೆದುಕೊಂಡವನು ನಾನು.

"ಈಗ ಮಾತಾಡು" ಅಂದರು ಅಕ್ಕ. "ನನಗಲ್ಲ. ಅವರಿಗೆ ಹೇಳು."

ಕಂಪನಿಯಲ್ಲಿ ಬೋರ್ಡು ಕೆಟ್ಟರೆ ನನ್ನ ಮೇಜಿಗೆ ಒಂದು ಹಾಳೆ ಬರುತ್ತಿತ್ತು. ‘ಪರಿಶೀಲಿಸಲಾಗುತ್ತಿದೆ’ ಅಂತ ಬರೆದು ಮುಂದಕ್ಕೆ ಕಳಿಸುತ್ತಿದ್ದೆ. ಹನ್ನೊಂದು ವರ್ಷದಲ್ಲಿ, ನಷ್ಟವಾದ ಮನುಷ್ಯನ ಮುಖವನ್ನು ಒಂದು ಸಲವೂ ನೋಡಿರಲಿಲ್ಲ. ನನ್ನ ಹೆಸರು ಬೇಕು ಅಂತ ಜಗಳವಾಡಿ ಬಂದಿದ್ದೆ, ಆ ಹೆಸರು ಹಾಕಬೇಕಾದ ಜಾಗ ಇದು.

"ತಪ್ಪು ನನ್ನ ಡಬ್ಬಿದು ಯಜಮಾನ್ರೆ" ಅಂದೆ. "ನಾನು ಸರಿಯಾಗಿ ಪರೀಕ್ಷೆ ಮಾಡಿರಲಿಲ್ಲ."

ಅವರು ಹೆಗಲ ಟವೆಲ್ ತೆಗೆದು ಕೊಡವಿದರು. "ಆತು ಬಿಡ್ರಿ. ಸರಿ ಮಾಡ್ತೀರೇನು, ಇಲ್ಲ ಊರು ಬಿಡ್ತೀರೇನು?"

"ಮಾಡ್ತೀನಿ" ಅಂತ ನನ್ನ ಬಾಯಿಂದ ಬಂತು. ಹಾಗೆ ಹೇಳುತ್ತೇನೆಂದು ಬಸ್ಸಿನಲ್ಲಿ ಅಂದುಕೊಂಡಿರಲಿಲ್ಲ.

ಫ್ಯೂಸ್ ಕಿತ್ತು ತೋರಿಸಿದ ಆ ಹಳೆಯ ಮೋಟಾರು ಅಕ್ಕನ ಬದಲಿ ಮೋಟಾರು. ಯಾರದಾದರೂ ರಿಪೇರಿಯಲ್ಲಿದ್ದಾಗ ಗದ್ದೆ ಒಣಗಬಾರದು ಅಂತ ಕೊಟ್ಟು ಕಳಿಸಲು ಇಟ್ಟಿದ್ದರು. ಅದನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿ, "ನೀನೂ ಹತ್ತು" ಅಂದರು. ಉಳವಿಯ ಹಳ್ಳದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾನೂ ಯಜಮಾನರೂ ಅದನ್ನು ಕೂರಿಸಿದೆವು. ನೀರು ಬಿದ್ದಾಗ ಅವರು ಟವೆಲಿನಿಂದ ಮುಖ ಒರೆಸಿಕೊಂಡು, "ಊಟ ಮಾಡ್ಕಂಡು ಹೋಗು ತಮ್ಮಾ" ಅಂದರು. ಆ ಸಂಜೆ ನಾನು ಮ್ಯಾನೇಜರಿಗೆ ಫೋನ್ ಮಾಡಲಿಲ್ಲ.

ಮುಂದಿನ ಒಂದೂವರೆ ತಿಂಗಳು ಆನವಟ್ಟಿಯ ಬಸ್ಸೇ ನನ್ನ ಮನೆಯಾಯಿತು. ತಂತಿಯಲ್ಲಿ ಕರೆಂಟು ಇದೆಯೇ ಅಂತ ನೋಡುವುದನ್ನು ಬಿಟ್ಟು, ಮೋಟಾರು ಪ್ರತಿ ತಂತಿಯಿಂದ ಎಷ್ಟು ಎಳೆಯುತ್ತಿದೆ ಅಂತ ಅಳೆಯುವಂತೆ ಬೋರ್ಡನ್ನು ಮೊದಲಿನಿಂದ ಮಾಡಿದೆ. ಸತ್ತ ತಂತಿಯಿಂದ ಮೋಟಾರು ಏನನ್ನೂ ಎಳೆಯಲಾರದು. ಉಳಿದ ನಾಲ್ಕೂ ಡಬ್ಬಿ ನಾನೇ ಹೋಗಿ ಬಿಚ್ಚಿ ತಂದೆ, ತಪ್ಪು ನನ್ನದು ಅಂತ ನಾಲ್ಕು ಕಡೆಯೂ ಅದೇ ಮಾತು ಹೇಳಿದೆ. ಅಕ್ಕ ತಮ್ಮ ಕೈಗೆ ಬಂದ ಮೋಟಾರುಗಳನ್ನೆಲ್ಲ ನನ್ನ ಪರೀಕ್ಷೆಗೆ ಓಡಿಸಿಕೊಟ್ಟರು. ಸುತ್ತು ಎಣಿಸುವುದು ಬಿಟ್ಟು ಎದ್ದು ಬಂದು ಫ್ಯೂಸ್ ಕೀಳುತ್ತಿದ್ದರು. ಅವರ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ.

ಒಂದು ದಿನ ತಡೆಯಲಾರದೆ ಕೇಳಿದೆ. "ಅಕ್ಕಾ, ಇದು ಸರಿಯಾದ್ರೆ ಸುಟ್ಟ ಮೋಟಾರು ಬರೋದೇ ಕಡಿಮೆ ಆಗ್ತತೆ. ನಿಮ್ಮ ಹೊಟ್ಟೆ ಮೇಲೆ ನಾನೇ ಹೊಡೆದಂಗಲ್ಲೇನು?"

"ಹೊಡೀ, ನಿನ್ನ ಕೈಲಿ ಆದ್ರೆ" ಅಂದು ನಕ್ಕರು. ಆಮೇಲೆ ಸುಟ್ಟ ಕಾಯಿಲುಗಳ ಸಾಲು ನೋಡುತ್ತಾ, "ಇವನ್ನ ಹೊತ್ಕಂಡು ಬರೋರ ಮುಖ ನೀನು ಒಂದು ದಿನ ನೋಡಿದೀಯ. ನಾನು ದಿನಾ ನೋಡ್ತೀನಿ. ಫ್ಯಾನ್ ಸುತ್ತಿ ಆದ್ರೂ ಬದುಕ್ತೀನಿ, ಬಿಡು" ಅಂದರು.

ಹಾಗೆಯೇ ಆಯಿತು. ಹೊಸ ಡಬ್ಬಿ ಮೊದಲು ಉಳವಿಗೇ ಹೋಯಿತು. ಅಲ್ಲಿಂದ ಸೊರಬ, ಶಿಕಾರಿಪುರದ ಹಳ್ಳಿಗಳಿಗೆ ಬಾಯಿಂದ ಬಾಯಿಗೆ ಹಬ್ಬಿತು. ಟೈಲರ್ ಅಂಗಡಿಯ ಮೇಲಿನ ಕೋಣೆ ಈಗ ಎರಡು ಕೋಣೆಯಾಗಿದೆ. ಅಕ್ಕನ ಅಂಗಡಿಯಲ್ಲಿ ಮೋಟಾರು ಕಡಿಮೆಯಾಗಿ ಫ್ಯಾನು, ಮಿಕ್ಸಿ ಹೆಚ್ಚಾದವು. ಹೋದಾಗಲೆಲ್ಲ, "ಬಂದಾ ನೋಡು, ನನ್ನ ಅಂಗಡಿ ಮುಚ್ಚಿಸೋನು" ಅಂತ ಗಿರಾಕಿಗಳಿಗೆ ನನ್ನ ಪರಿಚಯ ಮಾಡಿಸುತ್ತಿದ್ದರು. ನನಗೆ ನಾಚಿಕೆಯೂ ಆಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಕಳೆದ ವರ್ಷ ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅಕ್ಕ ಹೋದರು. ಜ್ವರ ಅಂತ ಮಲಗಿದವರು ಏಳಲಿಲ್ಲ. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹದಿನೈದು ದಿನದ ನಂತರ ಅವರ ಸೊಸೆ ಅಂಗಡಿ ಖಾಲಿ ಮಾಡುತ್ತಾ ನನ್ನನ್ನು ಕರೆಸಿ ಒಂದು ಕಾಯಿಲ್ ಕೈಗಿಟ್ಟರು. "ಗುಜರಿಗೆ ಹಾಕ್ತೀನಿ ಅಂದ್ರೆ ಅತ್ತೆ ಇದೊಂದನ್ನ ಮುಟ್ಟಕ್ಕೆ ಬಿಡ್ತಿರಲಿಲ್ಲ" ಅಂದರು.

ಕರಕಲು ಕಾಯಿಲ್. ಚೀಟಿಯ ಮೇಲೆ ಅಕ್ಕನ ದಪ್ಪ ಅಕ್ಷರ: ‘ಉಳವಿ. ತಮ್ಮನ ಡಬ್ಬಿ.’ ಒಂದು ಬೇಸಿಗೆ ದಾಟಿದ ಮೇಲೆ ಅದು ಆ ಗೋಡೆಯ ಮೇಲೆ ಇರಬಾರದಿತ್ತು. ಚೀಟಿ ತಿರುಗಿಸಿದೆ. ಹಿಂಬದಿಯಲ್ಲಿ ಒಂದರ ಕೆಳಗೊಂದು, ಬೇರೆ ಬೇರೆ ಪೆನ್ನಿನಲ್ಲಿ, ‘ಓಡ್ತಾ ಐತೆ’ ಅಂತ ಏಳು ಸಲ ಬರೆದಿತ್ತು. ಪ್ರತಿ ಬೇಸಿಗೆಯ ಕೊನೆಗೆ ಉಳವಿಯವರನ್ನು ಕೇಳಿ ತಿಳಿದು ಬರೆದಿದ್ದಾರೆ. ಏಳು ವರ್ಷದಲ್ಲಿ ಒಂದು ದಿನವೂ ನನ್ನ ಹತ್ತಿರ ಹೇಳಿರಲಿಲ್ಲ. ಸೊಸೆಯ ಎದುರೇ, ಆ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ.

ಕಾಯಿಲ್ ಈಗ ನನ್ನ ಕೆಲಸದ ಮೇಜಿನ ಎದುರಿನ ಮೊಳೆಯಲ್ಲಿದೆ. ಈ ಸಲ ಬೇಸಿಗೆ ಮುಗಿದಾಗ ನಾನೇ ಉಳವಿಗೆ ಹೋದೆ. ಹಳ್ಳದ ದಂಡೆಯಲ್ಲಿ ಪಂಪು ಓಡುತ್ತಿತ್ತು. ಆದರೂ ಡಬ್ಬಿಯ ಮುಚ್ಚಳ ಬಿಚ್ಚಿ ನೋಡಿದೆ. ಮನೆಗೆ ಬಂದು ಚೀಟಿ ಇಳಿಸಿ, ಏಳನೆಯ ಸಾಲಿನ ಕೆಳಗೆ ನನ್ನ ಅಕ್ಷರದಲ್ಲಿ ಎಂಟನೆಯದನ್ನು ಬರೆದೆ.