ವಾರಗಿತ್ತಿಯ ತಲೆನೋವು

ಮಸ್ಕಿಯ ಕಿರಾಣಿ ಅಂಗಡಿ ಹಂಪಣ್ಣನ ಹೆಂಡತಿ ಶೇಖರಮ್ಮನಿಗೆ ನಲವತ್ತೈದು ದಾಟುವವರೆಗೆ ತಲೆನೋವೆಂದರೆ ಏನೆಂದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ವಾರಗಿತ್ತಿ ಶಿವಕುಮಾರಿಯ ತಲೆನೋವು. ಮದುವೆಯಾಗಿ ಬಂದಾಗಿನಿಂದ ಆಕೆ ಆಗಾಗ ಹಾಸಿಗೆ ಹಿಡಿಯುತ್ತಿದ್ದಳು. ಆಗ ಮನೆಯಲ್ಲಿ ಟಿವಿ ಬಂದ್, ಅತ್ತೆಯ ಬಾಯಿಯೂ ಬಂದ್. ಆಕೆಯ ಗಂಡ, ಮೈದುನ ಚನ್ನವೀರನಂತೂ ಚಪ್ಪಲಿ ಕೈಯಲ್ಲಿ ಹಿಡಿದು ಓಡಾಡುತ್ತಿದ್ದ. ರೊಟ್ಟಿ ಬಡಿಯಲು ಮಾತ್ರ ಶೇಖರಮ್ಮ! "ಬರೇ ನಾಟಕ ಈಕೀದು," ಎಂದು ಹಿಟ್ಟಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು. ಹೊಟ್ಟೆಕಿಚ್ಚಿತ್ತು, ಸುಳ್ಳು ಯಾಕೆ ಹೇಳಬೇಕು? ತನಗಾಗಿ ಯಾರೂ ಒಮ್ಮೆಯೂ ಟಿವಿ ಆರಿಸಿರಲಿಲ್ಲ.

ಹೋದ ವರ್ಷ ಅವಳಿಗೂ ಶುರುವಾಯಿತು. ಅರ್ಧ ತಲೆಯೊಳಗೆ ಯಾರೋ ಖಾರ ಕುಟ್ಟಿದಂತೆ. ಬೆಳಕು ಬೇಡ, ಒಗ್ಗರಣೆ ವಾಸನೆ ಬೇಡ. ಗಂಡನಿಗೆ ಹೇಳಿದರೆ, "ಆಕೀನ ನೋಡಿ ನಿನಗೂ ಶುರುವಾತೇನು?" ಎಂದು ನಕ್ಕ. ಅಂದೇ ಬಾಯಿ ಹೊಲಿದುಕೊಂಡಳು. ನೋವೆಂದು ನರಳಿದರೆ ಶಿವಕುಮಾರಿ ಗೆದ್ದಂತಲ್ಲವೇ! ಅಂಗಡಿಯ ಡಬ್ಬಿಯಿಂದ ಗುಳಿಗೆ ತೆಗೆದು ಕದ್ದು ನುಂಗಿದಳು. ಆಗೊಮ್ಮೆ ಈಗೊಮ್ಮೆ ನುಂಗಿದ್ದು ದಿನಾ ನುಂಗುವಂತಾಯಿತು, ನೋವೂ ದಿನಾ ಬರತೊಡಗಿತು.

ಒಂದು ಮುಂಜಾನೆ ರೊಟ್ಟಿ ಹಂಚಿನ ಮುಂದೆಯೇ ವಾಂತಿಯಾಯಿತು. ಶಿವಕುಮಾರಿ ಒಲೆ ಆರಿಸಿ, "ಏಳಕ್ಕ, ಸಿಂಧನೂರು ದವಾಖಾನಿಗೆ ಹೋಗೂನು," ಎಂದಳು. ಬಸ್ಸಿನಲ್ಲಿ ಬಿಸಿಲು ಬೀಳುವ ಕಡೆ ತಾನೇ ಕೂತಳು. ಈ ಒಳ್ಳೆಯತನ ಕಂಡು ಶೇಖರಮ್ಮನಿಗೆ ಇನ್ನಷ್ಟು ಉರಿಯಿತು.

"ನೋವು ಹೆಂಗ ಬರ್ತೈತ್ರಿ?" ಎಂದು ಡಾಕ್ಟರು ಕೇಳಿದರೆ ಶೇಖರಮ್ಮ ತಡವರಿಸಿದಳು. ಮುಚ್ಚಿಟ್ಟೇ ರೂಢಿಯಾಗಿತ್ತು. ಶಿವಕುಮಾರಿಯೇ ಹೇಳಿದಳು: "ಎಡಗಡೀಗೆ ಬರ್ತೈತ್ರಿ. ಮೊದಲ ಆಕಳಿಕಿ, ಆಮ್ಯಾಲ ಕಣ್ಣು ಸಣ್ಣ ಮಾಡ್ತಾಳ. ದಿನಾ ಗುಳಿಗಿ ನುಂಗಾಕತ್ತಾಳ. ಕೇಳಿದ್ರ ಬೈತಾಳಂತ ಸುಮ್ನಿದ್ದೆ."

ಈ ವಯಸ್ಸಿನಲ್ಲಿ ಹೊಸದಾಗಿ ಬಂದದ್ದೆಂದು ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಬೇರೇನೂ ಕಾಣಲಿಲ್ಲ. "ಇದು ಮೈಗ್ರೇನ್. ದಿನಾ ನುಂಗೋ ಗುಳಿಗೀನ ಈಗ ನೋವು ಹೆಚ್ಚು ಮಾಡಾಕತ್ತಾವ, ಅವನ್ನ ಬಿಡ್ರಿ," ಎಂದು ನೋವು ಬಾರದಂತೆ ತಡೆಯುವ ಬೇರೆ ಔಷಧ ಬರೆದುಕೊಟ್ಟರು.

ತಿರುಗಿ ಬರುವಾಗ ಶೇಖರಮ್ಮನ ಹೊಟ್ಟೆಕಿಚ್ಚು ಬೇರೆ ದಾರಿ ಹಿಡಿಯಿತು. ಇಷ್ಟು ನೋಡುವ ಕಣ್ಣು ದೇವರು ಇವಳಿಗೇ ಯಾಕೆ ಕೊಟ್ಟ? ಇಷ್ಟು ವರ್ಷ ಇಬ್ಬರದೂ ಒಂದೇ ಒಲೆ. ಬಸ್ಸು ಮಸ್ಕಿ ಮುಟ್ಟುತ್ತಲೇ, ಇಳಿಯುವ ಮೊದಲು ಶಿವಕುಮಾರಿಯ ಸೆರಗು ಹಿಡಿದು ಜಗ್ಗಿದಳು.

"ಶಿವೀ, ನಿಂದು ಯಾವ ಕಡೆ ನೋಯ್ತೈತಿ ಬೇ?"